ಇಲ್ಲದ ಟೈಮ್‌ಔಟ್ ಕೇಳಿದರೆ ರೆಫರಿ ಏನು ಮಾಡಬೇಕು?

ನಮ್ಮ ಕೋರ್ಟ್ ಹತ್ತಿರ ಸಂಜೆ ಐದೂವರೆಗೆ ಬಂದು ಹತ್ತು ನಿಮಿಷ ನಿಲ್ಲಿ. ಆಟ ಸ್ವಲ್ಪ ಬಿಸಿಯಾದ ತಕ್ಷಣ ಯಾರಾದರೊಬ್ಬ ಒಂದು ಅಂಗೈ ಅಡ್ಡ, ಇನ್ನೊಂದು ಉದ್ದ ಹಿಡಿದು ‘ಟಿ’ ತೋರಿಸಿ "ಟೈಮ್‌ಔಟ್! ಟೈಮ್‌ಔಟ್!" ಅಂತ ಕೂಗ್ತಾನೆ. ಆಟ ನಿಲ್ಲುತ್ತೆ, ಎಲ್ಲರೂ ನೀರಿನ ಬಾಟಲಿ ಕಡೆ ಹೋಗ್ತಾರೆ. ದಿನಾ ಸಂಜೆಯ ಆಟಕ್ಕೆ ಇಷ್ಟು ಸಾಕು. ಆದರೆ ರೆಫರಿ, ಟೇಬಲ್, ಸ್ಕೋರ್‌ಶೀಟ್ ಎಲ್ಲ ಇರೋ ಪಂದ್ಯದಲ್ಲಿ ಟೈಮ್‌ಔಟ್‌ಗೆ ಲೆಕ್ಕ ಇದೆ. ಆ ಲೆಕ್ಕ ಮುಗಿದ ಮೇಲೂ ಒಬ್ಬರು ಕೇಳಿದರೆ ಏನಾಗಬೇಕು? ಕೊಡಬೇಕಾ, ಕೊಡಬಾರದಾ, ಕೊಟ್ಟು ಶಿಕ್ಷೆ ಹಾಕಬೇಕಾ, ಅಥವಾ ಕೇಳಿಸಲಿಲ್ಲ ಅಂತ ಆ ಕಡೆ ಮುಖ ತಿರುಗಿಸಬೇಕಾ?

ಪ್ರಶ್ನೆ ಚಿಕ್ಕದು. ಆದರೆ ಇದರ ಮೇಲೆ ದೊಡ್ಡ ದೊಡ್ಡ ಫೈನಲ್‌ಗಳು ನಿಂತಿವೆ. ನಮ್ಮ ಕಾಲೇಜಿನ ಒಂದು ಪುಟ್ಟ ಕಪ್ಪೂ ನಿಂತಿದೆ. ಆ ಕಪ್ಪಿನ ವಿಷಯ ಕೊನೆಗೆ ಹೇಳ್ತೀವಿ. ಅವತ್ತು ಟೇಬಲ್‌ನಲ್ಲಿ ಕೂತಿದ್ದವರು ನಾವೇ, ತಪ್ಪು ಮಾಡಿದವರೂ ನಾವೇ. ಆಮೇಲೆ ನಿಯಮ ಓದೋಕೆ ಶುರು ಮಾಡಿದ್ವಿ. ಓದಬೇಕಾಗಿದ್ದು ಮೊದಲು, ಸರಿ. ಲ್ಯಾಬ್ ಮ್ಯಾನ್ಯುಅಲ್ ಕೂಡ ನಾವು ಎಕ್ಸ್‌ಪೆರಿಮೆಂಟ್ ಮುಗಿದ ಮೇಲೇ ಓದೋದು.

ಮೊದಲು ನಾವು ಆಡೋ ನಿಯಮ ನೋಡೋಣ. ಭಾರತದಲ್ಲಿ ಕಾಲೇಜು ಪಂದ್ಯದಿಂದ ಹಿಡಿದು ರಾಷ್ಟ್ರೀಯ ಪಂದ್ಯದ ತನಕ ಆಡೋದು ಫೀಬಾ ನಿಯಮದಲ್ಲಿ. ಆದರೆ ನಾವೆಲ್ಲ ಮೊಬೈಲ್‌ನಲ್ಲಿ ನೋಡೋದು ಎನ್‌ಬಿಎ. ಹಾಗಾಗಿ ತಲೆಯಲ್ಲಿ ಇರೋದು ಅಮೆರಿಕದ ನಿಯಮ, ಕಾಲ ಕೆಳಗೆ ಇರೋದು ಫೀಬಾ ನಿಯಮ. ಆ ‘ಟಿ’ ವಿಷಯದಲ್ಲಿ ಈ ಗೊಂದಲ ಚೆನ್ನಾಗಿ ಕಾಣುತ್ತೆ.

ಫೀಬಾದಲ್ಲಿ ಆಟಗಾರ ಟೈಮ್‌ಔಟ್ ಕೇಳೋ ಹಾಗೇ ಇಲ್ಲ. ಕೋಚ್ ಅಥವಾ ಮೊದಲ ಅಸಿಸ್ಟೆಂಟ್ ಕೋಚ್ ಮಾತ್ರ ಕೇಳಬಹುದು. ಅವರೂ ರೆಫರಿಯನ್ನ ಕೇಳೋದಲ್ಲ, ಸ್ಕೋರರ್ ಹತ್ತಿರ ಬಂದು ಕೈಸನ್ನೆ ಮಾಡಿ ಕೇಳಬೇಕು. ಕೇಳಿದ ತಕ್ಷಣ ಸಿಗೋದೂ ಇಲ್ಲ. ಚೆಂಡು ಡೆಡ್ ಆಗಿ, ಗಡಿಯಾರ ನಿಂತು, ರೆಫರಿ ಟೇಬಲ್ ಜೊತೆ ಮಾತು ಮುಗಿಸಿದಾಗ, ಇಲ್ಲವೇ ಎದುರಾಳಿ ಬಾಸ್ಕೆಟ್ ಹಾಕಿದಾಗ, ಅವಕಾಶ ಬರುತ್ತೆ. ಆಗ ಸ್ಕೋರರ್ ಬಜರ್ ಒತ್ತಿಸುತ್ತಾನೆ, ರೆಫರಿ ವಿಸಿಲ್ ಹಾಕಿ ಟೈಮ್‌ಔಟ್ ತೋರಿಸುತ್ತಾರೆ. ಬಜರ್ ಆಗೋ ಮುಂಚೆ ಕೋಚ್ ಬೇಡ ಅನ್ನಬಹುದು, ಆಮೇಲೆ ಅನ್ನೋ ಹಾಗಿಲ್ಲ.

ಲೆಕ್ಕ ಹೀಗಿದೆ: ಮೊದಲ ಅರ್ಧಕ್ಕೆ 2, ಎರಡನೇ ಅರ್ಧಕ್ಕೆ 3, ಪ್ರತಿ ಓವರ್‌ಟೈಮ್‌ಗೆ 1. ಉಳಿದಿದ್ದನ್ನ ಮುಂದಕ್ಕೆ ಒಯ್ಯೋ ಹಾಗಿಲ್ಲ. ಇಲ್ಲೊಂದು ಸಣ್ಣ ಷರತ್ತು ಇದೆ, ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಎರಡನೇ ಅರ್ಧದ ಆ 3ರಲ್ಲಿ, ನಾಲ್ಕನೇ ಕ್ವಾರ್ಟರ್‌ನ ಕೊನೆಯ 2 ನಿಮಿಷದಲ್ಲಿ ಗರಿಷ್ಠ 2 ಮಾತ್ರ ತಗೋಬಹುದು. ಅಂದರೆ ಮೂರನ್ನೂ ಕೂಡಿಟ್ಟುಕೊಂಡು ಕೊನೆಗೆ ಖರ್ಚು ಮಾಡ್ತೀನಿ ಅಂದ್ರೆ ಒಂದು ಕಳೆದುಹೋಗುತ್ತೆ. ಅದಕ್ಕೆ ಸ್ಕೋರ್‌ಶೀಟ್‌ನಲ್ಲಿ ಒಂದು ವ್ಯವಸ್ಥೆ: ಗಡಿಯಾರ 2:00 ತೋರಿಸಿದಾಗ ಒಂದು ತಂಡ ಎರಡನೇ ಅರ್ಧದಲ್ಲಿ ಒಂದೂ ಟೈಮ್‌ಔಟ್ ತಗೊಂಡಿಲ್ಲ ಅಂದರೆ, ಸ್ಕೋರರ್ ಆ ತಂಡದ ಮೊದಲ ಖಾನೆಯಲ್ಲಿ ಅಡ್ಡಡ್ಡ ಎರಡು ಗೆರೆ ಎಳೀಬೇಕು. ಆ ಖಾನೆ ಇನ್ನು ಬಳಸೋ ಹಾಗಿಲ್ಲ. ಉಳಿದಿದ್ದು ಎರಡೇ.

ಹಾಗಾದರೆ ಫೀಬಾದಲ್ಲಿ ಹೆಚ್ಚುವರಿ ಟೈಮ್‌ಔಟ್ ಕೇಳಿದರೆ? ಸ್ಕೋರರ್ ಬಜರ್ ಒತ್ತಿಸೋದಿಲ್ಲ, ಅಷ್ಟೇ. ‘ಖಾಲಿ ಆಗಿದೆ ಸರ್’ ಅಂತಾನೆ. ಕೇಳಿದ್ದಕ್ಕೆ ಶಿಕ್ಷೆ ಇಲ್ಲ, ಕೇಳಿದ್ದರಿಂದ ಲಾಭವೂ ಇಲ್ಲ. ಕೋರ್ಟ್ ಒಳಗೆ ಆಟಗಾರ ‘ಟಿ’ ತೋರಿಸ್ತಾ ನಿಂತರೆ ರೆಫರಿ ನೋಡಿಯೂ ಆಟ ಮುಂದುವರಿಸಬೇಕು. ಆ ಹುಡುಗ ಚೆಂಡು ಹಿಡ್ಕೊಂಡು ‘ಟಿ’ ಮಾಡೋಕೆ ಹೋಗಿ ಚೆಂಡು ಬಿಟ್ಟರೆ ಅದು ಅವನ ಕರ್ಮ. ನಮ್ಮ ಸೀನಿಯರ್ ಒಬ್ಬರಿಗೆ ಹೀಗಾಗಿದೆ, ಅವರು ಹಾಸ್ಟೆಲ್‌ನಲ್ಲಿ ಈ ಕಥೆ ಯಾರಿಗೂ ಹೇಳಬೇಡಿ ಅಂದಿದ್ದಾರೆ. ಹೆಸರು ಹೇಳಿಲ್ಲ ಅಣ್ಣ.

ಈಗ ಅಮೆರಿಕಕ್ಕೆ ಹೋಗೋಣ, ಯಾಕಂದ್ರೆ ಈ ಪ್ರಶ್ನೆ ನಿಜವಾಗಿ ಹುಟ್ಟಿದ್ದು ಅಲ್ಲಿ. ಅಲ್ಲಿ ಎನ್‌ಬಿಎ ಇರಲಿ, ಕಾಲೇಜ್ ಇರಲಿ, ಹೈಸ್ಕೂಲ್ ಇರಲಿ, ಚೆಂಡು ತನ್ನ ತಂಡದ ಕೈಯಲ್ಲಿದ್ದಾಗ ಆಟಗಾರನೇ ಓಡ್ತಾ ಓಡ್ತಾ ಟೈಮ್‌ಔಟ್ ಕೇಳಬಹುದು. ಕೇಳೋದು ಹತ್ತಿರದ ರೆಫರಿಯನ್ನ. ಇಬ್ಬರು ಡಿಫೆಂಡರ್ ಮೈಮೇಲೆ ಬಿದ್ದಿದ್ದಾರೆ, ಚೆಂಡು ಕಿತ್ಕೊಳ್ಳೋ ಹಾಗಿದ್ದಾರೆ, ಅವನು ‘ಟಿ’ ತೋರಿಸಿದ. ರೆಫರಿಗೆ ಇರೋದು ಅರ್ಧ ಸೆಕೆಂಡ್. ಚೆಂಡು ಇವನ ಕೈಯಲ್ಲಿ ಇತ್ತಾ, ಕೇಳಿದ್ದು ಚೆಂಡು ಹೋಗೋ ಮುಂಚೆನಾ, ಇಷ್ಟು ನೋಡಿ ವಿಸಿಲ್ ಹಾಕಬೇಕು. ಇವರಿಗೆ ಎಷ್ಟು ಟೈಮ್‌ಔಟ್ ಉಳಿದಿದೆ ಅಂತ ಆ ಅರ್ಧ ಸೆಕೆಂಡ್‌ನಲ್ಲಿ ಟೇಬಲ್ ಕಡೆ ತಿರುಗಿ ನೋಡೋಕೆ ಆಗಲ್ಲ.

ಅದಕ್ಕೇ ಅಲ್ಲಿಯ ನಿಯಮ: ಹೆಚ್ಚುವರಿ ಟೈಮ್‌ಔಟ್ ಕೇಳಿದರೂ ಕೊಡು, ಕೊಟ್ಟು ಟೆಕ್ನಿಕಲ್ ಫೌಲ್ ಹಾಕು. ಹೈಸ್ಕೂಲ್ ಪಂದ್ಯದಲ್ಲಿ ಆ ಫೌಲ್‌ಗೆ ಎದುರಾಳಿಗೆ 2 ಫ್ರೀ ಥ್ರೋ, ಮೇಲೆ ಚೆಂಡು. ಎನ್‌ಬಿಎಯಲ್ಲಿ ಇವತ್ತು ಒಂದು ಫ್ರೀ ಥ್ರೋ, ಚೆಂಡೂ ಎದುರಾಳಿಗೆ.

ನಮಗೆ ಮೊದಲು ಇದು ವಿಚಿತ್ರ ಅನ್ನಿಸಿತು. ಇಲ್ಲದೇ ಇರೋದನ್ನ ಕೊಡೋದು ಹೇಗೆ? ಆಮೇಲೆ ಒಂದು ಹೋಲಿಕೆ ಹೊಳೀತು. ಫೀಬಾ ಟೈಮ್‌ಔಟ್ ಯುಪಿಐ ಇದ್ದ ಹಾಗೆ. ಅಕೌಂಟ್‌ನಲ್ಲಿ ದುಡ್ಡಿಲ್ಲ ಅಂದ್ರೆ ಪೇಮೆಂಟ್ ಹೋಗೋದೇ ಇಲ್ಲ, ಅಂಗಡಿಯವನು ನಿಮ್ಮ ಮುಖ ನೋಡ್ತಾನೆ, ಅಷ್ಟೇ. ಅಮೆರಿಕದ್ದು ಚೆಕ್ ಇದ್ದ ಹಾಗೆ. ಬರೆದುಕೊಟ್ಟು ಸಾಮಾನು ತಗೊಂಡು ಬರಬಹುದು, ಬೌನ್ಸ್ ಆದ ಮೇಲೆ ದಂಡ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಅನ್ನೋದರ ಮೇಲೆ ಇದೆಲ್ಲ ನಿಂತಿದೆ. ಫೀಬಾದಲ್ಲಿ ಕೇಳೋದೇ ಪುಸ್ತಕ ಇಟ್ಟುಕೊಂಡವನನ್ನ, ಹಾಗಾಗಿ ಮೊದಲೇ ನೋಡಿ ಇಲ್ಲ ಅನ್ನಬಹುದು. ಅಮೆರಿಕದಲ್ಲಿ ಕೇಳೋದು ಪುಸ್ತಕ ಇಲ್ಲದ ರೆಫರಿಯನ್ನ, ಹಾಗಾಗಿ ಮೊದಲು ಕೊಟ್ಟು ಆಮೇಲೆ ನೋಡಬೇಕು.

ಇನ್ನೂ ಒಂದು ಕಾರಣ ಇದೆ, ನಮ್ಮ ಪ್ರಕಾರ ಇದೇ ಮುಖ್ಯ. ವಿಸಿಲ್ ಬಿದ್ದ ಮೇಲೆ ‘ಅಯ್ಯೋ, ಇವರಿಗೆ ಟೈಮ್‌ಔಟ್ ಇಲ್ಲ, ಆಟ ಮುಂದುವರಿಸಿ’ ಅಂದರೆ ಏನಾಗುತ್ತೆ? ಸಿಕ್ಕಿಹಾಕಿಕೊಂಡಿದ್ದ ಹುಡುಗ ಪುಕ್ಕಟೆ ಬಿಡಿಸಿಕೊಂಡ. ಆಟ ನಿಂತಿದ್ದೇ ಅವನಿಗೆ ಲಾಭ. ಶಿಕ್ಷೆ ಇಲ್ಲದಿದ್ದರೆ ಎಲ್ಲರೂ ಸಿಕ್ಕಿಬಿದ್ದಾಗೆಲ್ಲ ‘ಟಿ’ ತೋರಿಸ್ತಾರೆ. ಶಿಕ್ಷೆ ಇರಲೇಬೇಕು. ಎಷ್ಟು ಇರಬೇಕು ಅನ್ನೋದನ್ನ 1976ರಲ್ಲಿ ಒಬ್ಬ ಆಟಗಾರ ಎಲ್ಲರಿಗೂ ತೋರಿಸಿಕೊಟ್ಟ.

1976ರ ಜೂನ್ 4. ಎನ್‌ಬಿಎ ಫೈನಲ್ಸ್‌ನ ಐದನೇ ಪಂದ್ಯ, ಬಾಸ್ಟನ್ ಗಾರ್ಡನ್‌ನಲ್ಲಿ. ಬಾಸ್ಟನ್ ಸೆಲ್ಟಿಕ್ಸ್, ಫೀನಿಕ್ಸ್ ಸನ್ಸ್, ಸರಣಿ 2-2. ಪಂದ್ಯ ಎರಡನೇ ಓವರ್‌ಟೈಮ್‌ಗೆ ಹೋಗಿದೆ. ಕೊನೆಯಲ್ಲಿ ಜಾನ್ ಹ್ಯಾವ್ಲಿಚೆಕ್ ಓಡುತ್ತಲೇ ಬೋರ್ಡಿಗೆ ಹೊಡೆದು ಹಾಕಿದ ಬಾಸ್ಕೆಟ್‌ನಿಂದ ಬಾಸ್ಟನ್ 111-110. ಗೆದ್ದೆವು ಅಂತ ಜನ ಕೋರ್ಟಿಗೆ ನುಗ್ಗಿದರು. ರೆಫರಿ ರಿಚಿ ಪವರ್ಸ್ ಇನ್ನೂ 1 ಸೆಕೆಂಡ್ ಉಳಿದಿದೆ ಅಂದರು. ಒಬ್ಬ ಪ್ರೇಕ್ಷಕ ಅವರ ಮೇಲೇ ಕೈ ಮಾಡಿದ. ಅಂತೂ ಇಂತೂ ಜನರನ್ನ ಹಿಂದೆ ತಳ್ಳಿ ಆಟ ಶುರು ಮಾಡಬೇಕು.

ಫೀನಿಕ್ಸ್‌ಗೆ ಚೆಂಡು ಸಿಕ್ಕಿದೆ, ಆದರೆ ಥ್ರೋ-ಇನ್ ಕೋರ್ಟಿನ ಆ ತುದಿಯಿಂದ. 1 ಸೆಕೆಂಡ್‌ನಲ್ಲಿ ಇಡೀ ಕೋರ್ಟ್ ದಾಟಬೇಕು. ಟೈಮ್‌ಔಟ್ ಇದ್ದಿದ್ದರೆ ಚೆಂಡನ್ನ ಹಾಫ್ ಕೋರ್ಟಿಗೆ ತರಬಹುದಿತ್ತು. ಟೈಮ್‌ಔಟ್ ಮುಗಿದಿದೆ. ಆಗ ಪಾಲ್ ವೆಸ್ಟ್‌ಫಾಲ್‌ಗೆ ಹೊಳೆದಿದ್ದು: ಇಲ್ಲದ ಟೈಮ್‌ಔಟನ್ನ ಬೇಕಂತಲೇ ಕೇಳೋಣ! ಟೆಕ್ನಿಕಲ್ ಫೌಲ್ ಬೀಳುತ್ತೆ, ಬಾಸ್ಟನ್‌ಗೆ ಒಂದು ಫ್ರೀ ಥ್ರೋ. ಆದರೆ ಆಗಿನ ನಿಯಮದಲ್ಲಿ ಚೆಂಡು ಫೀನಿಕ್ಸ್ ಹತ್ತಿರವೇ ಉಳಿಯುತ್ತೆ, ಅದೂ ಹಾಫ್ ಕೋರ್ಟಿನಲ್ಲಿ. ಕೇಳಿದರು. ಜೋ ಜೋ ವೈಟ್ ಫ್ರೀ ಥ್ರೋ ಹಾಕಿದ, 112-110. ಚೆಂಡು ಹಾಫ್ ಕೋರ್ಟಿಗೆ ಬಂತು. ಗಾರ್ ಹರ್ಡ್ ತಿರುಗಿ ಎತ್ತರಕ್ಕೆ ಎಸೆದ ಚೆಂಡು ಒಳಗೆ ಬಿತ್ತು. 112-112, ಮೂರನೇ ಓವರ್‌ಟೈಮ್. ಕೊನೆಗೆ ಬಾಸ್ಟನ್ 128-126ರಿಂದ ಗೆದ್ದಿತು, ಮುಂದಿನ ಪಂದ್ಯವನ್ನೂ ಗೆದ್ದು ಚಾಂಪಿಯನ್ ಆಯಿತು.

ಲೆಕ್ಕ ಹಾಕಿ ನೋಡಿ. 1 ಪಾಯಿಂಟ್ ಕೊಟ್ಟು ಅರ್ಧ ಕೋರ್ಟ್ ಕೊಂಡುಕೊಂಡರು. 1 ಪಾಯಿಂಟ್ ಹಿಂದೆ ಇದ್ದರೂ ಸೋಲೇ, 2 ಹಿಂದೆ ಇದ್ದರೂ ಸೋಲೇ, ಒಂದು ಬಾಸ್ಕೆಟ್ ಬಿದ್ದರೆ ಸಾಕು. ನಿಯಮ ಮುರಿಯೋ ದಂಡ ನಿಯಮ ಮುರಿದರೆ ಸಿಗೋ ಲಾಭಕ್ಕಿಂತ ಅಗ್ಗ ಇತ್ತು. ವೆಸ್ಟ್‌ಫಾಲ್ ಮೋಸ ಮಾಡಿದ ಅಂತ ನಾವು ಹೇಳಲ್ಲ, ಪುಸ್ತಕದಲ್ಲಿ ಇದ್ದಿದ್ದನ್ನ ಓದಿ ಬಳಸಿದ. ನಮ್ಮ ಕ್ಲಾಸಿನಲ್ಲೂ ಕೆಲವರು ಅಟೆಂಡೆನ್ಸ್ ಶಾರ್ಟೇಜ್ ಫೀಸನ್ನ ಹೀಗೇ ನೋಡ್ತಾರೆ. ಆಮೇಲೆ ಎನ್‌ಬಿಎ ಆ ದಾರಿ ಮುಚ್ಚಿತು, ಈಗ ಹೆಚ್ಚುವರಿ ಟೈಮ್‌ಔಟ್ ಕೇಳಿದರೆ ಚೆಂಡೇ ಹೋಗುತ್ತೆ.

ಆದರೆ ಅದೇ ಪಂದ್ಯದಲ್ಲಿ, ಇದಕ್ಕೂ ಮುಂಚೆ, ಇನ್ನೊಂದು ಘಟನೆ ನಡೆದಿತ್ತು. ಅದು ಅಷ್ಟು ಹೆಸರಾಗಿಲ್ಲ, ನಮ್ಮ ಪ್ರಶ್ನೆಗೆ ಮಾತ್ರ ಅದೇ ಹತ್ತಿರ. ಸ್ಕೋರ್ ಸಮ ಇದ್ದಾಗ ಬಾಸ್ಟನ್‌ನ ಪಾಲ್ ಸೈಲಸ್ ರಿಚಿ ಪವರ್ಸ್ ಕಡೆ ತಿರುಗಿ ಟೈಮ್‌ಔಟ್ ಸನ್ನೆ ಮಾಡಿದ. ಬಾಸ್ಟನ್ ಹತ್ತಿರ ಟೈಮ್‌ಔಟ್ ಇರಲಿಲ್ಲ. ಪವರ್ಸ್ ವಿಸಿಲ್ ಹಾಕಲಿಲ್ಲ. ಹಾಕಿದ್ದರೆ ಟೆಕ್ನಿಕಲ್, ಫೀನಿಕ್ಸ್‌ಗೆ ಒಂದು ಫ್ರೀ ಥ್ರೋ, ಬಿದ್ದಿದ್ದರೆ ಬಹುಶಃ ಫೀನಿಕ್ಸ್ ಆಗಲೇ ಗೆದ್ದಿರುತ್ತಿತ್ತು. ಫೀನಿಕ್ಸ್ ಕಡೆಯವರಿಗೆ ಈ ಸಿಟ್ಟು ಇವತ್ತಿಗೂ ಹೋಗಿಲ್ಲ.

ಇದರ ಬಗ್ಗೆ ನಮ್ಮಲ್ಲೇ ಕ್ಯಾಂಟೀನ್‌ನಲ್ಲಿ ಎರಡು ಪಾರ್ಟಿ ಆಯಿತು. ಒಂದು ಕಡೆಯವರು ಪವರ್ಸ್ ಮಾಡಿದ್ದು ಸರಿ ಅಂದರು. ಫೈನಲ್ ಮ್ಯಾಚ್, ಸುಸ್ತಾಗಿ ತಲೆ ಕೆಲಸ ಮಾಡದ ಆಟಗಾರ ಬಾಯಿತಪ್ಪಿ ಕೇಳಿದ್ದಕ್ಕೆ ಪಂದ್ಯ ಕಳೆದುಕೊಳ್ಳಬೇಕಾ? ರೆಫರಿ ಮನುಷ್ಯ ತಾನೇ, ಸ್ವಲ್ಪ ಕರುಣೆ ಇರಲಿ. ಇನ್ನೊಂದು ಕಡೆಯವರು ಕೇಳಿದ್ದು ಒಂದೇ ಪ್ರಶ್ನೆ: ಲೋ, ಆ ಕರುಣೆಯ ದುಡ್ಡು ಯಾರ ಜೇಬಿಂದ ಹೋಯ್ತು?

ನಾವು ಎರಡನೇ ಕಡೆ. ಬಾಸ್ಟನ್‌ಗೆ ತೋರಿಸಿದ ದಯೆ ಫೀನಿಕ್ಸ್ ಹತ್ತಿರ ಕಿತ್ತುಕೊಂಡಿದ್ದು. ನಿಯಮದಲ್ಲಿ ಒಂದು ಫ್ರೀ ಥ್ರೋ ಅವರದ್ದು ಅಂತ ಬರೆದಿತ್ತು. ರೆಫರಿ ಅದನ್ನ ತನ್ನ ಸ್ವಂತದ್ದು ಅನ್ನೋ ಹಾಗೆ ದಾನ ಮಾಡಿದರು. ನಿಜವಾಗಿ ನೋಡದೇ ಇದ್ದರೆ ಬೇರೆ ಮಾತು. ಅಷ್ಟು ಗಲಾಟೆಯಲ್ಲಿ ನೋಡದೇ ಇರಬಹುದು. ಆದರೆ ನೋಡಿ, ಗೊತ್ತಿದ್ದು, ನೋಡಿಲ್ಲ ಅನ್ನೋದು ರೆಫರಿ ಕೆಲಸ ಅಲ್ಲ.

ಕರುಣೆ ಪಾರ್ಟಿಯವರು ಬಿಡಲಿಲ್ಲ, 1993 ತಂದರು. ಅದು ನಮ್ಮನ್ನೂ ಸ್ವಲ್ಪ ಅಲ್ಲಾಡಿಸಿತು, ಒಪ್ಕೋತೀವಿ.

1993ರ ಏಪ್ರಿಲ್ 5, ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್. ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಫೈನಲ್, ಮಿಷಿಗನ್ ವಿರುದ್ಧ ನಾರ್ತ್ ಕ್ಯಾರೊಲಿನಾ. ಮಿಷಿಗನ್‌ನ ಐದು ಹುಡುಗರಿಗೆ ‘ಫ್ಯಾಬ್ ಫೈವ್’ ಅಂತ ಹೆಸರು. ಐದೂ ಜನ ಸೆಕೆಂಡ್ ಇಯರ್, ನಮ್ಮ ಹಾಗೇ. ಅವರಲ್ಲಿ ದೊಡ್ಡ ಆಟಗಾರ ಕ್ರಿಸ್ ವೆಬರ್, ವಯಸ್ಸು 20. ಆ ಪಂದ್ಯದಲ್ಲಿ 23 ಪಾಯಿಂಟ್, 11 ರೀಬೌಂಡ್.

ಕೊನೆಯ 20 ಸೆಕೆಂಡ್ ಸುಮಾರಿಗೆ ಮಿಷಿಗನ್ 73-71ರಿಂದ ಹಿಂದೆ. ನಾರ್ತ್ ಕ್ಯಾರೊಲಿನಾ ತಪ್ಪಿಸಿದ ಫ್ರೀ ಥ್ರೋ ವೆಬರ್ ಕೈಗೆ ಬಂತು. ಗಾಬರಿಯಲ್ಲಿ ಕಾಲು ಎಳೆದ, ವಿಡಿಯೋ ನೋಡಿದ ಯಾರಾದರೂ ಟ್ರಾವೆಲಿಂಗ್ ಅಂತಾರೆ, ರೆಫರಿ ಕರೀಲಿಲ್ಲ. ಚೆಂಡು ಬಡಿಯುತ್ತಾ ತಾನೇ ಮುಂದೆ ಬಂದು ತನ್ನ ಬೆಂಚಿನ ಎದುರಿನ ಮೂಲೆಗೆ ಹೋದ. ಅಲ್ಲಿ ಇಬ್ಬರು ಸುತ್ತುವರಿದರು. 11 ಸೆಕೆಂಡ್ ಉಳಿದಿತ್ತು. ವೆಬರ್ ‘ಟಿ’ ತೋರಿಸಿದ. ರೆಫರಿ ವಿಸಿಲ್ ಹಾಕಿದರು. ಮಿಷಿಗನ್ ತನ್ನ ಕೊನೆಯ ಟೈಮ್‌ಔಟನ್ನ ಸ್ವಲ್ಪ ಹೊತ್ತಿಗೆ ಮುಂಚೆಯೇ ಖರ್ಚು ಮಾಡಿತ್ತು. ಟೆಕ್ನಿಕಲ್ ಫೌಲ್. ಡಾನಲ್ಡ್ ವಿಲಿಯಮ್ಸ್ ಎರಡೂ ಫ್ರೀ ಥ್ರೋ ಹಾಕಿದ, ಚೆಂಡೂ ಅವರಿಗೇ ಸಿಕ್ಕಿತು, ಆಮೇಲೆ ಇನ್ನೆರಡು. 77-71, ಮುಗೀತು.

ಇಲ್ಲಿ ರೆಫರಿ ಏನು ಮಾಡಬೇಕಿತ್ತು? ನಮ್ಮ ಗೆಳೆಯರು ಹೇಳಿದ್ದು: 20 ವರ್ಷದ ಹುಡುಗ ಕಣೋ, ಜೀವನ ಪೂರ್ತಿ ಇದನ್ನ ಹೊತ್ಕೊಂಡು ತಿರುಗಿದ. ನಿಜ. ಅವನು ಆಮೇಲೆ ಎನ್‌ಬಿಎ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದ, 2021ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಆದರೂ ಅವನ ಹೆಸರು ಹೇಳಿದ ಕೂಡಲೇ ಜನರಿಗೆ ನೆನಪಾಗೋದು ಆ ‘ಟಿ’. ತಾನು ಶುರು ಮಾಡಿದ ಸೇವಾ ಸಂಸ್ಥೆಗೆ ಅವನೇ ‘ಟೈಮ್‌ಔಟ್ ಫೌಂಡೇಶನ್’ ಅಂತ ಹೆಸರಿಟ್ಟ. ಇದನ್ನ ಓದಿದಾಗ ನಮಗೆ ಅವನ ಮೇಲೆ ಗೌರವ ಜಾಸ್ತಿ ಆಯಿತು.

ಆದರೆ ಇಬ್ಬರು ಡಿಫೆಂಡರ್‌ಗಳನ್ನೂ ನೋಡಿ. ಆ ಮೂಲೆಗೆ ಅವನನ್ನ ತಳ್ಳಿದ್ದು ಅವರ ಕೆಲಸ. ಪಾಸ್ ಕೊಡೋಕೆ ದಾರಿ ಇಲ್ಲ, ಡ್ರಿಬಲ್ ನಿಲ್ಲಿಸಿದ್ದಾನೆ. ರೆಫರಿ ‘ಪಾಪ’ ಅಂತ ಆ ಸನ್ನೆ ನೋಡದ ಹಾಗೆ ಇದ್ದಿದ್ದರೆ ವೆಬರ್ ಇನ್ನೊಂದು ಸೆಕೆಂಡ್‌ನಲ್ಲಿ ಎಚ್ಚೆತ್ತು ಬೇರೆ ಏನೋ ಮಾಡುತ್ತಿದ್ದ. ವಿಸಿಲ್ ಹಾಕಿ ಫೌಲ್ ಮಾತ್ರ ಬಿಟ್ಟಿದ್ದರೆ ಅವನು ಟ್ರ್ಯಾಪ್‌ನಿಂದ ಪುಕ್ಕಟೆ ಹೊರಗೆ. ಎರಡರಲ್ಲೂ ಚೆನ್ನಾಗಿ ಡಿಫೆನ್ಸ್ ಮಾಡಿದವರಿಗೆ ನಷ್ಟ. ಅವತ್ತಿನ ರೆಫರಿ ನಿಯಮ ಹೇಳಿದ್ದನ್ನ ಮಾಡಿದರು. ಟ್ರಾವೆಲಿಂಗ್ ಬಿಟ್ಟಿದ್ದು ತಪ್ಪು, ಟೆಕ್ನಿಕಲ್ ಹಾಕಿದ್ದು ತಪ್ಪಲ್ಲ.

ಕರುಣೆಗೆ ಜಾಗವೇ ಇಲ್ವಾ ಹಾಗಾದರೆ? ಇದೆ, ಆದರೆ ಅದು ವಿಸಿಲ್‌ಗಿಂತ ಮುಂಚೆ. ಒಂದು ತಂಡ ಕೊನೆಯ ಟೈಮ್‌ಔಟ್ ತಗೊಂಡಾಗ ಸ್ಕೋರರ್ ಅದನ್ನ ರೆಫರಿಗೆ ಹೇಳಬೇಕು, ರೆಫರಿ ಕೋಚ್‌ಗೆ ಹೇಳಬೇಕು. ಅಮೆರಿಕದ ಹೈಸ್ಕೂಲ್ ನಿಯಮದಲ್ಲೂ ಇದೆ, ಫೀಬಾದಲ್ಲೂ ಇದೆ. ‘ಸರ್, ನಿಮ್ಮದು ಮುಗೀತು’ ಅನ್ನೋ ಒಂದು ವಾಕ್ಯ. ಮುಗುಳ್ನಗುತ್ತಾ ಹೇಳೋದಲ್ಲ, ಬೆರಳು ತೋರಿಸಿ, ಕೋಚ್ ತಲೆ ಆಡಿಸೋ ತನಕ ನಿಂತು ಹೇಳೋದು. ಇನ್ನೊಂದು ನಮ್ಮ ಸ್ವಂತ ಅಭಿಪ್ರಾಯ: ಚೆಂಡು ಡೆಡ್ ಇದ್ದು, ಅಮೆರಿಕದ ನಿಯಮದಲ್ಲಿ ಕೋಚ್ ಬಾಯಲ್ಲಿ ‘ಟೈಮ್‌ಔಟ್’ ಅಂದರೆ, ರೆಫರಿಗೆ ಖಾಲಿಯಾಗಿರೋದು ಗೊತ್ತಿದ್ದರೆ, ‘ನಿಮಗೆ ಉಳಿದಿಲ್ಲ, ಆದರೂ ಬೇಕಾ?’ ಅಂತ ಒಂದು ಸಲ ಕೇಳೋದರಲ್ಲಿ ತಪ್ಪಿಲ್ಲ. ಯಾರೂ ಟ್ರ್ಯಾಪ್‌ನಲ್ಲಿ ಇಲ್ಲ, ಆಟ ನಿಂತೇ ಇದೆ, ಎದುರಾಳಿಯ ಜೇಬಿಂದ ಏನೂ ಹೋಗಲ್ಲ. ಇದೇ ಉಪಕಾರ ಎರಡೂ ತಂಡಕ್ಕೆ ಮಾಡಬೇಕು ಅನ್ನೋದು ಮಾತ್ರ ಷರತ್ತು.

ಕೇಳೋದು ಎಷ್ಟು ಮುಖ್ಯ ಅನ್ನೋದಕ್ಕೆ 2006ರ ಎನ್‌ಬಿಎ ಫೈನಲ್ಸ್‌ನ ಐದನೇ ಪಂದ್ಯ ಇದೆ. ಅಲ್ಲಿ ಟೈಮ್‌ಔಟ್ ಹೆಚ್ಚುವರಿ ಅಲ್ಲ, ಡಲ್ಲಾಸ್ ಹತ್ತಿರ ಒಂದು ಉಳಿದಿತ್ತು. ಓವರ್‌ಟೈಮ್‌ನಲ್ಲಿ 1.9 ಸೆಕೆಂಡ್ ಇದ್ದಾಗ ಮಯಾಮಿಯ ಡ್ವೇನ್ ವೇಡ್ ಎರಡು ಫ್ರೀ ಥ್ರೋಗಳಲ್ಲಿ ಮೊದಲನೆಯದನ್ನ ಹಾಕಿದ. ಆಗ ಡಲ್ಲಾಸ್‌ನ ಜಾಷ್ ಹೌವರ್ಡ್ ಸನ್ನೆ ಮಾಡಿದ, ರೆಫರಿ ಜೋ ಡಿರೋಸಾ ಕೊಟ್ಟರು. ಕೋಚ್ ಏವರಿ ಜಾನ್ಸನ್‌ಗೆ ಬೇಕಿದ್ದಿದ್ದು ಎರಡನೇ ಫ್ರೀ ಥ್ರೋ ಆದ ಮೇಲೆ, ಚೆಂಡನ್ನ ಮುಂದಕ್ಕೆ ತರೋಕೆ. ಎಷ್ಟು ಕೂಗಾಡಿದರೂ ಆಗಲಿಲ್ಲ. ಮಯಾಮಿ 101-100. ‘ಈಗಲಾ, ಇದಾದ ಮೇಲಾ?’ ಅನ್ನೋ ಮೂರು ಪದ ಸಾಕಿತ್ತು ಅಂತ ನಮಗೆ ಅನ್ನಿಸುತ್ತೆ. ಕೇಳಿದ್ದನ್ನ ಕೊಟ್ಟರು ಅನ್ನೋದೂ ಅಷ್ಟೇ ನಿಜ.

ಈಗ ನಮ್ಮ ಕಪ್ಪು.

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಕಾಲೇಜಿನಲ್ಲೇ ನಡೆದ ಟೂರ್ನಮೆಂಟ್, ಫೈನಲ್, ನಮ್ಮ ತಂಡ ಮತ್ತು ಬೇರೆ ಊರಿಂದ ಬಂದ ತಂಡ. ಟೇಬಲ್‌ನಲ್ಲಿ ನಾವು ಮೂವರು. ಸ್ಕೋರ್‌ಶೀಟ್ ಒಬ್ಬರು, ಗಡಿಯಾರ ಒಬ್ಬರು, ಶಾಟ್ ಕ್ಲಾಕ್ ಒಬ್ಬರು. ಯಾರು ಯಾವುದು ಅನ್ನೋದು ಬೇಡ, ಮೂವರ ಕಣ್ಣ ಮುಂದೆಯೇ ಶೀಟ್ ಇತ್ತು. ನಾಲ್ಕನೇ ಕ್ವಾರ್ಟರ್ ಕೊನೆ. ಕೂಗಾಟ ಎಷ್ಟಿತ್ತು ಅಂದ್ರೆ ಪಕ್ಕದಲ್ಲಿ ಕೂತವನ ಮಾತು ಕೇಳಿಸುತ್ತಿರಲಿಲ್ಲ. 2:00 ಬಂದು ಹೋಯಿತು. ನಮ್ಮ ತಂಡ ಎರಡನೇ ಅರ್ಧದಲ್ಲಿ ಒಂದೂ ಟೈಮ್‌ಔಟ್ ತಗೊಂಡಿರಲಿಲ್ಲ. ಮೊದಲ ಖಾನೆಯಲ್ಲಿ ಎರಡು ಗೆರೆ ಎಳೀಬೇಕಿತ್ತು. ಎಳೀಲಿಲ್ಲ.

1:40 ಇದ್ದಾಗ ನಮ್ಮ ಕೋಚ್, ಅಂದ್ರೆ ಫೈನಲ್ ಇಯರ್ ಸೀನಿಯರ್ ಒಬ್ಬರು, ಟೈಮ್‌ಔಟ್ ಕೇಳಿದರು. ಕೊಟ್ವಿ. 0:50ಕ್ಕೆ ಇನ್ನೊಂದು. ಕೊಟ್ವಿ. 14 ಸೆಕೆಂಡ್ ಇದ್ದಾಗ ಆ ತಂಡ ಬಾಸ್ಕೆಟ್ ಹಾಕಿ 55-54 ಮುಂದೆ ಹೋಯಿತು. ಸೀನಿಯರ್ ಟೇಬಲ್ ಹತ್ತಿರ ಓಡಿ ಬಂದು "ಟೈಮ್‌ಔಟ್ ಕೊಡ್ರೋ!" ಅಂದರು. ನಾವು ಶೀಟ್ ನೋಡಿದ್ವಿ. ಒಂದು ಖಾನೆ ಖಾಲಿ ಇತ್ತು. ಬಜರ್.

ಆ ಬಜರ್‌ನಿಂದ ನಮ್ಮ ತಂಡಕ್ಕೆ ಸಿಕ್ಕಿದ್ದು ಒಂದು ನಿಮಿಷದ ಉಸಿರು ಮಾತ್ರ ಅಲ್ಲ. ಫೀಬಾದಲ್ಲಿ ಕೊನೆಯ 2 ನಿಮಿಷದಲ್ಲಿ, ತನ್ನ ಹಿಂಭಾಗದಿಂದ ಚೆಂಡು ಹಾಕಬೇಕಾದ ತಂಡ ಟೈಮ್‌ಔಟ್ ತಗೊಂಡರೆ, ಥ್ರೋ-ಇನ್ ಅನ್ನ ಮುಂಭಾಗದ ಗೆರೆಯಿಂದ ಮಾಡೋಕೆ ಕೋಚ್ ಕೇಳಬಹುದು. ಕೇಳಿದರು. ವೆಸ್ಟ್‌ಫಾಲ್ ಒಂದು ಪಾಯಿಂಟ್ ಕೊಟ್ಟು ಕೊಂಡ ಅದೇ ಅರ್ಧ ಕೋರ್ಟ್ ನಮ್ಮವರಿಗೆ ಪುಕ್ಕಟೆ ಸಿಕ್ಕಿತು. 56-55.

ಪಟಾಕಿ ಹೊಡೀತಿರೋವಾಗ ಆ ತಂಡದ ಕೋಚ್ ಟೇಬಲ್ ಹತ್ತಿರ ಬಂದರು. ಶೀಟ್ ತಿರುಗಿಸಿಕೊಂಡು ನೋಡಿದರು. ಟೈಮ್‌ಔಟ್ ಖಾನೆಯಲ್ಲಿ ಬರೆಯೋದು ಕ್ವಾರ್ಟರ್‌ನ ಎಷ್ಟನೇ ನಿಮಿಷ ಅನ್ನೋದನ್ನ. ನಮ್ಮ ಕೈಬರಹದಲ್ಲೇ ಇತ್ತು: 9, 10, 10. ಕ್ವಾರ್ಟರ್ ಅಂದ್ರೆ 10 ನಿಮಿಷ. ಕೊನೆಯ ಎರಡು ನಿಮಿಷ ಅಂದ್ರೆ 9 ಮತ್ತು 10. ಮೂರೂ ಅದರಲ್ಲೇ. ಅವರು ಬೆರಳಿಂದ ಆ ಮೂರು ಅಂಕಿ ಮುಟ್ಟಿದರು, ನಮ್ಮ ಮುಖ ನೋಡಿದರು. ನಾವು ಸುಮ್ಮನಿದ್ವಿ. ಅವರೂ ಏನೂ ಅನ್ನಲಿಲ್ಲ. ಅವರ ಕ್ಯಾಪ್ಟನ್ ಶೀಟ್‌ನಲ್ಲಿ ಪ್ರೊಟೆಸ್ಟ್ ಸಹಿಗೆ ಇರೋ ಜಾಗದಲ್ಲಿ ಸಹಿ ಮಾಡಬಹುದಿತ್ತು, ಪಂದ್ಯ ಮುಗಿದು 15 ನಿಮಿಷದ ಒಳಗೆ. ಮಾಡಲಿಲ್ಲ. ರೆಫರಿ ಸಹಿ ಹಾಕಿದರು.

ಆ ಒಂದು ನಿಮಿಷದಲ್ಲಿ ನಾವು ಎಚ್ಚೆತ್ತು ರೆಫರಿಗೆ ಹೇಳಿದ್ದರೆ ಏನಾಗಬಹುದಿತ್ತು? ಫೀಬಾದಲ್ಲಿ ‘ಸರಿಪಡಿಸಬಹುದಾದ ತಪ್ಪು’ ಅಂತ ಒಂದು ವಿಧಿ ಇದೆ, ಅದು ಫ್ರೀ ಥ್ರೋ ಮತ್ತು ಪಾಯಿಂಟ್‌ಗಳ ತಪ್ಪಿಗೆ. ಟೈಮ್‌ಔಟ್‌ಗಳ ಸಂಖ್ಯೆ ತಪ್ಪಾಗಿ ಬರೆದಿದ್ದರೆ ಮುಖ್ಯ ರೆಫರಿ ಸಹಿ ಹಾಕೋ ತನಕ ತಿದ್ದಬಹುದು, ಆದರೆ ಆಡಿ ಮುಗಿದ 14 ಸೆಕೆಂಡನ್ನ ವಾಪಸ್ ತರೋಕೆ ಆಗಲ್ಲ. ಪುಸ್ತಕದಲ್ಲಿ ನೇರವಾಗಿ ಹೇಳಿಲ್ಲದ ವಿಷಯವನ್ನ ತೀರ್ಮಾನ ಮಾಡೋ ಅಧಿಕಾರ ಮುಖ್ಯ ರೆಫರಿಗೆ ಇದೆ. ನಾವು ರೆಫರಿ ಆಗಿದ್ದರೆ ಟೈಮ್‌ಔಟ್ ಅಲ್ಲೇ ನಿಲ್ಲಿಸಿ, ಎರಡೂ ಕೋಚ್‌ಗಳನ್ನ ಕರೆದು ‘ಟೇಬಲ್ ತಪ್ಪು’ ಅಂತ ಹೇಳಿ, ಚೆಂಡನ್ನ ಹಿಂದಿನ ಬೇಸ್‌ಲೈನ್‌ನಿಂದಲೇ ಕೊಡಿಸುತ್ತಿದ್ವಿ. ಟೆಕ್ನಿಕಲ್ ಹಾಕುತ್ತಿರಲಿಲ್ಲ, ಯಾಕಂದ್ರೆ ಕೋಚ್ ಕೇಳಿದ್ದು ತಪ್ಪಲ್ಲ, ಕೊಟ್ಟಿದ್ದು ತಪ್ಪು. ಉಸಿರು ಎಳೆದುಕೊಂಡ ಅರ್ಧ ನಿಮಿಷ ಹೋಗಲಿ, ಅರ್ಧ ಕೋರ್ಟ್ ಆದರೂ ವಾಪಸ್ ಬರುತ್ತಿತ್ತು. ಆದರೆ ರೆಫರಿಗೆ ಗೊತ್ತಾಗೋಕೆ ಯಾರಾದರೂ ಹೇಳಬೇಕಲ್ಲ. ಫೀಬಾದಲ್ಲಿ ಪುಸ್ತಕ ಇರೋದು ಟೇಬಲ್ ಹತ್ತಿರ.

ಹತ್ತು ದಿನ ಆದ ಮೇಲೆ ಪಿ.ಡಿ. ಸರ್ ಹತ್ತಿರ ಹೋಗಿ ಹೇಳಿದ್ವಿ. ಬೈತಾರೆ ಅಂದ್ಕೊಂಡಿದ್ವಿ. ಅವರು ಒಂದು ನಂಬರ್ ಕೊಟ್ಟು "ನನಗೆ ಯಾಕ್ರೋ ಹೇಳ್ತೀರಾ, ಅವರಿಗೆ ಹೇಳಿ" ಅಂದರು. ಸ್ಪೀಕರ್‌ನಲ್ಲಿಟ್ಟು ಮೂವರೂ ಮಾತಾಡಿದ್ವಿ. ಆ ಕೋಚ್ ಪೂರ್ತಿ ಕೇಳಿಸಿಕೊಂಡರು.

"ಗೊತ್ತಿತ್ತಪ್ಪ. ಪ್ರೊಟೆಸ್ಟ್ ಮಾಡಿದ್ರೆ ಇನ್ನೂ ಒಂದು ಗಂಟೆ ಆಗ್ತಿತ್ತು, ನಮ್ಮ ಹುಡುಗರಿಗೆ ಕೊನೇ ಬಸ್ ಇದ್ದಿದ್ದು ಒಂಬತ್ತೂವರೆಗೆ. ಮಾರನೇ ದಿನ ಇಂಟರ್ನಲ್ಸ್ ಬೇರೆ ಇತ್ತು ಅವರಿಗೆ."

ಕಪ್ ಕಳಿಸಿಕೊಡ್ತೀವಿ ಸರ್ ಅಂದ್ವಿ. ಬೇಡ, ಮುಂದಿನ ವರ್ಷ ನಾವೇ ಬಂದು ತಗೊಂಡು ಹೋಗ್ತೀವಿ ಅಂದರು. ಕಪ್ ಈಗಲೂ ನಮ್ಮ ಸ್ಪೋರ್ಟ್ಸ್ ರೂಮಿನಲ್ಲೇ ಇದೆ.

ಮುಂದಿನ ತಿಂಗಳು ಇಂಟರ್ ಬ್ರಾಂಚ್ ಶುರುವಾಗುತ್ತೆ. ಈಗ ನಾವು ಮಾಡಿಕೊಂಡಿರೋ ವ್ಯವಸ್ಥೆ ಇಷ್ಟು: ಗಡಿಯಾರ 2:10ಕ್ಕೆ ಬಂದಾಗ ಟೈಮರ್ ಗಟ್ಟಿಯಾಗಿ ‘ಎರಡು’ ಅಂತ ಕೂಗಬೇಕು, 2:00ಕ್ಕೆ ಸ್ಕೋರರ್ ಎರಡೂ ತಂಡದ ಖಾನೆ ನೋಡಿ, ಬೇಕಿದ್ದರೆ ಗೆರೆ ಎಳೆದು ‘ಎಳೆದೆ’ ಅನ್ನಬೇಕು, ಶಾಟ್ ಕ್ಲಾಕ್‌ನವನು ಬಗ್ಗಿ ನೋಡಿ ‘ಹೂಂ’ ಅನ್ನಬೇಕು. ಯಾವ ತಂಡದ್ದು ಖಾಲಿ ಆದರೂ ಮುಂದಿನ ಡೆಡ್ ಬಾಲ್‌ನಲ್ಲಿ ರೆಫರಿಯನ್ನ ಕರೆದು ಹೇಳಬೇಕು. ಟೇಬಲ್‌ಗೆ ಇನ್ನೂ ಇಬ್ಬರು ಬೇಕಾಗಿದ್ದಾರೆ. ಬರೋರು ಎರಡು ಪೆನ್ ತನ್ನಿ, ಒಂದು ಕೆಂಪು, ಒಂದು ನೀಲಿ. ಒಂದು ಮತ್ತು ಮೂರನೇ ಕ್ವಾರ್ಟರ್ ಕೆಂಪಲ್ಲಿ, ಎರಡು ಮತ್ತು ನಾಲ್ಕನೆಯದು ನೀಲಿಯಲ್ಲಿ ಬರೀಬೇಕು.